ಮುಂದೂಡಿದ ವಿಸ್ತರಣೆ, ಮಾರುಕಟ್ಟೆಯ ಊಹಾಪೋಹ: ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್ ನೀಡುವ ಪಾಠ

ದೊಡ್ಡ ಯೋಜನೆಯೊಂದರ ಸುದ್ದಿ ಹೊರಬಿದ್ದ ದಿನದಿಂದಲೇ ಅದನ್ನು ನಂಬಿದ ಸಣ್ಣ ಉದ್ದಿಮೆಗಳ ಲೆಕ್ಕಾಚಾರ ಆರಂಭವಾಗುತ್ತದೆ. ಉಕ್ಕಿನ ಚೌಕಟ್ಟು ತಯಾರಿಸುವವರು ಹೊಸ ಯಂತ್ರಕ್ಕೆ ದರಪಟ್ಟಿ ತರಿಸುತ್ತಾರೆ. ಸಮವಸ್ತ್ರ ಪೂರೈಸುವವರು ಬಟ್ಟೆಯ ದಾಸ್ತಾನಿನ ಬಗ್ಗೆ ಯೋಚಿಸುತ್ತಾರೆ. ವಸತಿಗೃಹದ ಮಾಲೀಕರು ಇನ್ನೊಂದು ಅಂತಸ್ತಿಗಾಗಿ ಬ್ಯಾಂಕಿಗೆ ಅರ್ಜಿ ಸಲ್ಲಿಸುತ್ತಾರೆ. ಇಷ್ಟರಲ್ಲಿ ಆರ್ಥಿಕ ಹಿಂಜರಿತ ಎದುರಾಗಿ ಯೋಜನೆ ಮುಂದಕ್ಕೆ ಹೋದರೆ, ದೊಡ್ಡ ಸಂಸ್ಥೆ ತನ್ನ ವೇಳಾಪಟ್ಟಿಯನ್ನು ತಿದ್ದಿಕೊಂಡು ಸುಮ್ಮನಾಗುತ್ತದೆ. ಆದರೆ ಸಾಲ ಮಾಡಿ ಕಾದು ಕುಳಿತ ಸಣ್ಣ ಉದ್ದಿಮೆದಾರನಿಗೆ ಬಡ್ಡಿಯ ಹೊರೆ ಮೊದಲ ತಿಂಗಳಿನಿಂದಲೇ ತಪ್ಪುವುದಿಲ್ಲ.

ಇಂತಹ ಸಂದರ್ಭದಲ್ಲಿ ಮಾರುಕಟ್ಟೆಯಲ್ಲಿ ಊಹಾಪೋಹಗಳಿಗೆ ಕೊರತೆಯಿರುವುದಿಲ್ಲ. ‘ಯೋಜನೆ ಕೈಬಿಟ್ಟರಂತೆ’ ಎಂಬುದು ಒಂದು ಮಾತಾದರೆ, ‘ಮುಂದಿನ ತಿಂಗಳೇ ಕೆಲಸ ಶುರುವಂತೆ’ ಎಂಬುದು ಇನ್ನೊಂದು. ಈ ಮಾತುಗಳ ನಡುವೆ ವಸ್ತುಸ್ಥಿತಿಯನ್ನು ಗುರುತಿಸುವುದು ಹೇಗೆ? 2008–09ರ ಜಾಗತಿಕ ಹಿಂಜರಿತದ ಅವಧಿಯಲ್ಲಿ ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್ ಥೀಮ್ ಪಾರ್ಕ್‌ನ ವಿಸ್ತರಣೆ ನಿಂತು, ಮತ್ತೆ ಹೊರಟ ಬಗೆಯನ್ನು ಪರಿಶೀಲಿಸಿದರೆ ಈ ಪ್ರಶ್ನೆಗೆ ಸ್ಪಷ್ಟ ಉತ್ತರ ದೊರೆಯುತ್ತದೆ.

ಬಿಕ್ಕಟ್ಟಿನ ನಡುವೆ ಹುಟ್ಟಿದ ಉದ್ಯಾನ

ಈ ಉದ್ಯಾನದ ಹುಟ್ಟೇ ಒಂದು ಆರ್ಥಿಕ ಬಿಕ್ಕಟ್ಟಿನೊಂದಿಗೆ ತಳಕು ಹಾಕಿಕೊಂಡಿದೆ. 1997–98ರ ಏಷ್ಯಾ ಹಣಕಾಸು ಬಿಕ್ಕಟ್ಟಿನಿಂದ ಹಾಂಗ್‌ಕಾಂಗ್‌ನ ಆರ್ಥಿಕತೆ ಕುಸಿದಿತ್ತು. ಪ್ರವಾಸೋದ್ಯಮಕ್ಕೆ ಚೇತರಿಕೆ ನೀಡುವ ಉದ್ದೇಶದಿಂದ ಅಲ್ಲಿನ ಸರ್ಕಾರವು 1999ರ ನವೆಂಬರ್‌ನಲ್ಲಿ ವಾಲ್ಟ್ ಡಿಸ್ನಿ ಕಂಪನಿಯೊಂದಿಗೆ ಒಪ್ಪಂದವನ್ನು ಪ್ರಕಟಿಸಿತು. ಲಾಂಟೌ ದ್ವೀಪದ ಪೆನ್ನಿಸ್ ಬೇ ಎಂಬಲ್ಲಿ ಸಮುದ್ರಕ್ಕೆ ಮಣ್ಣು ತುಂಬಿ ನೆಲವನ್ನು ಸಿದ್ಧಪಡಿಸಲಾಯಿತು.

ಸದರಿ ಜಂಟಿ ಉದ್ಯಮದಲ್ಲಿ ಸರ್ಕಾರವು 325 ಕೋಟಿ ಹಾಂಗ್‌ಕಾಂಗ್ ಡಾಲರ್ ಹಾಗೂ ಡಿಸ್ನಿ ಕಂಪನಿಯು 245 ಕೋಟಿ ಹಾಂಗ್‌ಕಾಂಗ್ ಡಾಲರ್ ಷೇರು ಬಂಡವಾಳ ತೊಡಗಿಸಿದವು. ಸರ್ಕಾರದ ಪಾಲು ಶೇ. 57, ಡಿಸ್ನಿಯ ಪಾಲು ಶೇ. 43. ಇದರ ಹೊರತಾಗಿ ಸರ್ಕಾರ ನೀಡಿದ ದೀರ್ಘಾವಧಿ ಸಾಲ ಮತ್ತು ವಾಣಿಜ್ಯ ಬ್ಯಾಂಕುಗಳ ಸಾಲವೂ ಇದ್ದವು. ಬಂಡವಾಳಕ್ಕಿಂತ ಸಾಲದ ಪ್ರಮಾಣವೇ ಹೆಚ್ಚು ಎಂಬ ಅಂಶವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಇಡೀ ವಿಳಂಬದ ಮೂಲ ಇಲ್ಲಿಯೇ ಇದೆ.

ವಿಸ್ತರಣೆ ಅನಿವಾರ್ಯವಾದ ಬಗೆ

ಉದ್ಯಾನವು 2005ರ ಸೆಪ್ಟೆಂಬರ್ 12ರಂದು ಬಾಗಿಲು ತೆರೆಯಿತು. ಮೊದಲ ವರ್ಷ 56 ಲಕ್ಷ ಸಂದರ್ಶಕರನ್ನು ನಿರೀಕ್ಷಿಸಲಾಗಿತ್ತು. ಬಂದವರು ಸುಮಾರು 52 ಲಕ್ಷ. ಎರಡನೆಯ ವರ್ಷ ಈ ಸಂಖ್ಯೆ ಸುಮಾರು 40 ಲಕ್ಷಕ್ಕೆ ಇಳಿಯಿತು.

ಕಾರಣ ಬಹಳ ಗೂಢವಾದುದೇನೂ ಅಲ್ಲ. ಆರಂಭದಲ್ಲಿ ಉದ್ಯಾನದಲ್ಲಿ ನಾಲ್ಕೇ ವಿಭಾಗಗಳಿದ್ದವು. ಒಮ್ಮೆ ಬಂದವರು ಒಂದೇ ದಿನದಲ್ಲಿ ಎಲ್ಲವನ್ನೂ ನೋಡಿ ಮುಗಿಸುತ್ತಿದ್ದರು. ಮತ್ತೆ ಬರಲು ಕಾರಣವಿರಲಿಲ್ಲ. ಇನ್ನೊಂದೆಡೆ, ಹಬ್ಬದ ದಿನಗಳಲ್ಲಿ ಜಾಗ ಸಾಲುತ್ತಿರಲಿಲ್ಲ. 2006ರ ಚೀನೀ ಹೊಸ ವರ್ಷದ ರಜೆಯಲ್ಲಿ ಟಿಕೆಟ್ ಪಡೆದಿದ್ದವರನ್ನೂ ದ್ವಾರದಿಂದಲೇ ಹಿಂದಕ್ಕೆ ಕಳುಹಿಸಬೇಕಾಯಿತು.

ಥೀಮ್ ಪಾರ್ಕ್ ಉದ್ಯಮದಲ್ಲಿ ವೆಚ್ಚದ ಬಹುಭಾಗ ಸ್ಥಿರ ವೆಚ್ಚವಾಗಿರುತ್ತದೆ. ಹತ್ತು ಸಾವಿರ ಜನ ಬಂದರೂ ಮೂವತ್ತು ಸಾವಿರ ಜನ ಬಂದರೂ ಯಂತ್ರಗಳ ನಿರ್ವಹಣೆ, ಸುರಕ್ಷತಾ ತಪಾಸಣೆ, ವಿದ್ಯುತ್ತು ಹಾಗೂ ಸಿಬ್ಬಂದಿ ವೇತನಗಳಲ್ಲಿ ದೊಡ್ಡ ವ್ಯತ್ಯಾಸವಾಗುವುದಿಲ್ಲ. ಆದುದರಿಂದ ಹೆಚ್ಚುವರಿಯಾಗಿ ಬರುವ ಪ್ರತಿಯೊಬ್ಬ ಸಂದರ್ಶಕನ ಹಣದ ಬಹುಭಾಗ ಲಾಭಕ್ಕೆ ಸೇರುತ್ತದೆ. ಬಾರದೆ ಉಳಿದ ಪ್ರತಿಯೊಬ್ಬನಿಂದಲೂ ಅಷ್ಟೇ ಪ್ರಮಾಣದ ನಷ್ಟವಾಗುತ್ತದೆ. ಕೆಲವು ವರ್ಷಗಳಿಗೊಮ್ಮೆ ಹೊಸ ಆಕರ್ಷಣೆ ಸೇರಿಸದಿದ್ದರೆ ಇಂತಹ ಉದ್ಯಾನ ಸೊರಗುವುದು ಖಚಿತ. ಹಾಂಗ್‌ಕಾಂಗ್‌ನ ಉದ್ಯಾನಕ್ಕೆ ವಿಸ್ತರಣೆ ಅಲಂಕಾರವಾಗಿರಲಿಲ್ಲ, ಅಗತ್ಯವಾಗಿತ್ತು. ಈ ವಿಷಯದಲ್ಲಿ ಸರ್ಕಾರಕ್ಕಾಗಲಿ ಡಿಸ್ನಿಗಾಗಲಿ ಭಿನ್ನಾಭಿಪ್ರಾಯವಿರಲಿಲ್ಲ. ಆದರೂ ಮಾತುಕತೆ ಮುಗಿಯಲಿಲ್ಲ.

2008–09: ಊಹಾಪೋಹಗಳ ಕಾಲ

2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೆಹ್ಮನ್ ಬ್ರದರ್ಸ್ ಬ್ಯಾಂಕು ದಿವಾಳಿಯಾಯಿತು. ಜಗತ್ತಿನಾದ್ಯಂತ ಪ್ರವಾಸೋದ್ಯಮ ಕುಗ್ಗಿತು. 2009ರ ಜನವರಿಯಲ್ಲಿ ಡಿಸ್ನಿಯು ಅಮೆರಿಕದ ತನ್ನ ಉದ್ಯಾನಗಳ ಸುಮಾರು 600 ಅಧಿಕಾರಿಗಳಿಗೆ ಸ್ವಯಂ ನಿವೃತ್ತಿಯ ಅವಕಾಶ ನೀಡಿತು. ಅದೇ ತಿಂಗಳು ಶಾಂಘೈನಲ್ಲಿ ಹೊಸ ಡಿಸ್ನಿಲ್ಯಾಂಡ್ ಸ್ಥಾಪನೆಗೆ ಚೀನಾ ಕೇಂದ್ರ ಸರ್ಕಾರದ ಮುಂದೆ ಪ್ರಸ್ತಾವ ಸಲ್ಲಿಕೆಯಾಗಿರುವುದು ಬಹಿರಂಗವಾಯಿತು. 2009ರ ಮಾರ್ಚ್‌ನಲ್ಲಿ, ಸರ್ಕಾರದೊಂದಿಗೆ ಒಪ್ಪಂದ ಕುದುರದ ಕಾರಣ ಹಾಂಗ್‌ಕಾಂಗ್ ವಿಸ್ತರಣೆಯ ವಿನ್ಯಾಸ ಕಾರ್ಯವನ್ನು ನಿಲ್ಲಿಸುವುದಾಗಿ ಡಿಸ್ನಿ ಪ್ರಕಟಿಸಿತು; ಅಲ್ಲಿದ್ದ ಸುಮಾರು 30 ಮಂದಿ ವಿನ್ಯಾಸಕಾರರು ಕೆಲಸ ಕಳೆದುಕೊಂಡರು.

ಇಷ್ಟು ಘಟನೆಗಳು ಒಟ್ಟಾದ ಮೇಲೆ ಮೂರು ಬಗೆಯ ಊಹೆಗಳಿಗೆ ಅವಕಾಶವಾಯಿತು. ಹಿಂಜರಿತದಿಂದಾಗಿ ಡಿಸ್ನಿಯ ಬಳಿ ಹಣವಿಲ್ಲ ಎಂಬುದು ಮೊದಲನೆಯದು. ಶಾಂಘೈಗಾಗಿ ಹಾಂಗ್‌ಕಾಂಗ್ ಅನ್ನು ಕೈಬಿಡಲಾಗುತ್ತಿದೆ ಎಂಬುದು ಎರಡನೆಯದು. ಕೆಲಸ ನಿಲ್ಲಿಸಿರುವುದು ಸರ್ಕಾರದ ಮೇಲೆ ಒತ್ತಡ ಹೇರುವ ತಂತ್ರ ಎಂಬುದು ಮೂರನೆಯದು.

ಮೊದಲ ಊಹೆಯು ಪರೀಕ್ಷೆಗೆ ನಿಲ್ಲುವುದಿಲ್ಲ. ಇದೇ ಹಿಂಜರಿತದ ವರ್ಷಗಳಲ್ಲಿ ಡಿಸ್ನಿಯು ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ ಅಡ್ವೆಂಚರ್ ಉದ್ಯಾನದ ನವೀಕರಣವನ್ನು ಮುಂದುವರಿಸಿತ್ತು. 2007ರಲ್ಲಿ ಘೋಷಿಸಿದ ಈ ಯೋಜನೆ 2012ರಲ್ಲಿ ಪೂರ್ಣಗೊಂಡಿತು. ಎರಡನೆಯ ಊಹೆಯನ್ನೂ ಮುಂದಿನ ಘಟನೆಗಳು ಸುಳ್ಳಾಗಿಸಿದವು: ಶಾಂಘೈ ಯೋಜನೆಗೆ 2009ರ ನವೆಂಬರ್‌ನಲ್ಲಿ ಒಪ್ಪಿಗೆ ದೊರೆಯಿತು, ಹಾಂಗ್‌ಕಾಂಗ್ ವಿಸ್ತರಣೆ ಅದಕ್ಕೂ ಮೊದಲೇ ಇತ್ಯರ್ಥವಾಗಿತ್ತು. ಮೂರನೆಯದರಲ್ಲಿ ಸ್ವಲ್ಪ ಹುರುಳಿರಬಹುದು. ಚೌಕಾಸಿಯ ಮೇಜಿನಲ್ಲಿ ಕುಳಿತವರು ಎದ್ದು ಹೋಗುವ ಸೂಚನೆ ನೀಡುವುದು ಎಲ್ಲ ವ್ಯಾಪಾರಗಳಲ್ಲಿಯೂ ಇರುವುದೇ. ಆದರೆ ಒತ್ತಡ ಯಾವುದಕ್ಕಾಗಿ ಎಂಬ ಪ್ರಶ್ನೆಯನ್ನು ಅದು ಹಾಗೆಯೇ ಉಳಿಸುತ್ತದೆ.

ನಿಜವಾದ ಗಂಟು ಎಲ್ಲಿತ್ತು?

ಗಂಟು ಇದ್ದುದು ಸಾಲದ ಭಾರದಲ್ಲಿ, ಮತ್ತು ಹೊಸ ಹಣವನ್ನು ಯಾರು ಹಾಕಬೇಕು ಎಂಬ ಪ್ರಶ್ನೆಯಲ್ಲಿ. ಇದನ್ನು ಸಣ್ಣ ಕಾರ್ಖಾನೆಯೊಂದರ ಕಾಲ್ಪನಿಕ ಲೆಕ್ಕದಿಂದ ತಿಳಿಯುವುದು ಸುಲಭ.

ಇಬ್ಬರು ಪಾಲುದಾರರು 1 ಕೋಟಿ ರೂಪಾಯಿ ಬಂಡವಾಳ ಹಾಕಿ, 2 ಕೋಟಿ ರೂಪಾಯಿ ಸಾಲ ಪಡೆದು ಘಟಕ ಸ್ಥಾಪಿಸಿದ್ದಾರೆ ಎಂದು ಭಾವಿಸೋಣ. ಬಡ್ಡಿ ದರ ಶೇ. 12. ವ್ಯಾಪಾರ ಹೇಗೇ ಇರಲಿ, ವರ್ಷಕ್ಕೆ 24 ಲಕ್ಷ ರೂಪಾಯಿ ಬಡ್ಡಿ ಕಟ್ಟಲೇಬೇಕು. ಕಾರ್ಯಾಚರಣೆಯಿಂದ ಬಡ್ಡಿಗೆ ಮುಂಚಿನ ಉಳಿತಾಯ 20 ಲಕ್ಷ ರೂಪಾಯಿ ಬಂದರೂ, ಲೆಕ್ಕಪತ್ರದಲ್ಲಿ 4 ಲಕ್ಷ ರೂಪಾಯಿ ನಷ್ಟವೇ ಕಾಣುತ್ತದೆ. ಈಗ ವಿಸ್ತರಣೆಗೆ ಮತ್ತಷ್ಟು ಸಾಲ ತಂದರೆ ಹೊಸ ಯಂತ್ರ ದುಡಿಯಲು ಆರಂಭಿಸುವ ಮೊದಲೇ ಬಡ್ಡಿ ಏರುತ್ತದೆ. ಆದರೆ ಸಾಲದಲ್ಲಿ 1 ಕೋಟಿ ರೂಪಾಯಿ ಪಾಲುದಾರರೇ ಕೊಟ್ಟದ್ದಾಗಿದ್ದು, ಅದನ್ನು ಅವರು ಬಂಡವಾಳವಾಗಿ ಪರಿವರ್ತಿಸಲು ಒಪ್ಪಿದರೆ, ಬಡ್ಡಿ 12 ಲಕ್ಷಕ್ಕೆ ಇಳಿದು ಘಟಕವು 8 ಲಕ್ಷ ರೂಪಾಯಿ ಲಾಭ ತೋರಿಸುತ್ತದೆ. ವ್ಯಾಪಾರದಲ್ಲಿ ಒಂದು ಪೈಸೆಯೂ ಹೆಚ್ಚಾಗಿಲ್ಲ; ಬದಲಾದುದು ಹಣದ ಸ್ವರೂಪ ಮಾತ್ರ. ಆದರೆ ಸಾಲ ಕೊಟ್ಟವರು ಖಚಿತ ಬಡ್ಡಿಯನ್ನು ಬಿಟ್ಟು, ಅನಿಶ್ಚಿತ ಲಾಭಾಂಶಕ್ಕೆ ಕಾಯಬೇಕಾಗುತ್ತದೆ. ಯಾರು ಎಷ್ಟು ಬಿಡಬೇಕು, ಯಾರ ಪಾಲು ಎಷ್ಟಾಗಬೇಕು ಎಂಬುದೇ ಮಾತುಕತೆಯ ತಿರುಳು.

ಹಾಂಗ್‌ಕಾಂಗ್‌ನಲ್ಲಿದ್ದುದು ಇದೇ ಸಮಸ್ಯೆಯ ಬೃಹತ್ ರೂಪ. ಸಾರ್ವಜನಿಕ ಹಣವನ್ನು ಮತ್ತೆ ಸುರಿಯುವುದಕ್ಕೆ ಅಲ್ಲಿನ ಶಾಸಕರಲ್ಲಿ ವಿರೋಧವಿತ್ತು. ಡಿಸ್ನಿಯು ಪಾಲುದಾರನಾಗಿರುವುದರ ಜೊತೆಗೆ ನಿರ್ವಹಣಾ ಶುಲ್ಕ ಹಾಗೂ ಗೌರವಧನವನ್ನೂ ಪಡೆಯುತ್ತಿದ್ದುದು ಟೀಕೆಗೆ ಗುರಿಯಾಗಿತ್ತು. ಉದ್ಯಾನದ ಲಾಭ–ನಷ್ಟದ ವಿವರಗಳು ಅಲ್ಲಿಯವರೆಗೆ ಸಾರ್ವಜನಿಕವಾಗಿ ಪ್ರಕಟವಾಗುತ್ತಿರಲಿಲ್ಲ ಎಂಬುದೂ ಗಮನಾರ್ಹ. ಅಂಕಿ-ಅಂಶ ಮುಚ್ಚಿಟ್ಟಲ್ಲಿ ಊಹಾಪೋಹ ಬೆಳೆಯುವುದು ಸಹಜ.

2009ರ ಒಪ್ಪಂದ ಮತ್ತು ಅದರ ಫಲ

2009ರ ಜೂನ್ 30ರಂದು ಒಪ್ಪಂದ ಪ್ರಕಟವಾಯಿತು. ಮೂರು ಹೊಸ ವಿಭಾಗಗಳ ನಿರ್ಮಾಣಕ್ಕೆ 363 ಕೋಟಿ ಹಾಂಗ್‌ಕಾಂಗ್ ಡಾಲರ್ ವೆಚ್ಚ ನಿಗದಿಯಾಯಿತು. ಹೊಸ ನಗದನ್ನು ಡಿಸ್ನಿ ತೊಡಗಿಸಬೇಕು. ತಾನು ಉದ್ಯಾನಕ್ಕೆ ಕೊಟ್ಟಿದ್ದ ಸಾಲವನ್ನೂ ಬಂಡವಾಳವಾಗಿಸಬೇಕು. ಸರ್ಕಾರವು ಹೊಸ ನಗದು ಹಾಕದೆ, ತನ್ನ ಸಾಲದ ಬಹುಭಾಗವನ್ನು ಷೇರು ಬಂಡವಾಳವಾಗಿ ಪರಿವರ್ತಿಸಬೇಕು. ಇದರಿಂದ ಸರ್ಕಾರದ ಪಾಲು ಶೇ. 57ರಿಂದ ಸುಮಾರು ಶೇ. 52ಕ್ಕೆ ಇಳಿಯಿತು. ಡಿಸ್ನಿಯ ನಿರ್ವಹಣಾ ಶುಲ್ಕವನ್ನು ಒಟ್ಟು ವಹಿವಾಟಿನ ಬದಲು ಕಾರ್ಯಾಚರಣೆಯ ಗಳಿಕೆಗೆ ಜೋಡಿಸಲಾಯಿತು. ವಾರ್ಷಿಕ ಫಲಿತಾಂಶವನ್ನು ಪ್ರಕಟಿಸುವ ವ್ಯವಸ್ಥೆಯೂ ಬಂದಿತು. ಶಾಸನ ಸಭೆಯ ಹಣಕಾಸು ಸಮಿತಿ ಜುಲೈನಲ್ಲಿ ಒಪ್ಪಿಗೆ ನೀಡಿತು. ಡಿಸೆಂಬರ್‌ನಲ್ಲಿ ಭೂಮಿಪೂಜೆಯ ರೀತಿಯ ಚಾಲನಾ ಸಮಾರಂಭ ನಡೆದು ಕಾಮಗಾರಿ ಆರಂಭವಾಯಿತು.

ನಂತರದ ಲೆಕ್ಕ ಸ್ವತಃ ಮಾತನಾಡುತ್ತದೆ. 2009ರ ಸಾಲಿನಲ್ಲಿ ಉದ್ಯಾನವು ಸುಮಾರು 131 ಕೋಟಿ ಹಾಂಗ್‌ಕಾಂಗ್ ಡಾಲರ್ ನಷ್ಟ ತೋರಿಸಿತ್ತು. 2010ರ ಸಾಲಿನಲ್ಲಿ, ಒಂದು ಹೊಸ ವಿಭಾಗವೂ ತೆರೆಯುವ ಮುನ್ನವೇ, ನಷ್ಟ ಸುಮಾರು 72 ಕೋಟಿಗೆ ಇಳಿಯಿತು. ಬಡ್ಡಿಯ ಭಾರ ತಗ್ಗಿದ್ದು ಇದಕ್ಕೆ ಒಂದು ಮುಖ್ಯ ಕಾರಣ. 2011ರ ನವೆಂಬರ್‌ನಲ್ಲಿ ಟಾಯ್ ಸ್ಟೋರಿ ಲ್ಯಾಂಡ್, 2012ರ ಜುಲೈನಲ್ಲಿ ಗ್ರಿಜ್ಲಿ ಗಲ್ಚ್, 2013ರ ಮೇ ತಿಂಗಳಿನಲ್ಲಿ ಮಿಸ್ಟಿಕ್ ಪಾಯಿಂಟ್ ವಿಭಾಗಗಳು ತೆರೆದವು. 2012ರ ಸಾಲಿನಲ್ಲಿ ಸುಮಾರು 67 ಲಕ್ಷ ಜನ ಭೇಟಿ ನೀಡಿದರು; ಉದ್ಯಾನವು ತನ್ನ ಮೊದಲ ವಾರ್ಷಿಕ ಲಾಭವಾಗಿ 10.9 ಕೋಟಿ ಹಾಂಗ್‌ಕಾಂಗ್ ಡಾಲರ್ ದಾಖಲಿಸಿತು.

ನೆರೆಯ ಓಷನ್ ಪಾರ್ಕ್‌ನ ಹಾದಿ

ಅದೇ ನಗರದ ಇನ್ನೊಂದು ಉದ್ಯಾನವಾದ ಓಷನ್ ಪಾರ್ಕ್ ಬೇರೆಯೇ ಹಾದಿ ಹಿಡಿದಿತ್ತು. 555 ಕೋಟಿ ಹಾಂಗ್‌ಕಾಂಗ್ ಡಾಲರ್‌ಗಳ ಅದರ ಪುನರಭಿವೃದ್ಧಿ ಯೋಜನೆಗೆ ಹಣದ ವ್ಯವಸ್ಥೆ ಹಿಂಜರಿತಕ್ಕೆ ಮುಂಚೆಯೇ, ಬಹುತೇಕ ಸಾಲದ ರೂಪದಲ್ಲಿ ಆಗಿತ್ತು. 2006ರಲ್ಲಿ ಆರಂಭವಾದ ಕೆಲಸ ಹಿಂಜರಿತದ ನಡುವೆಯೂ ನಿಲ್ಲದೆ 2012ರಲ್ಲಿ ಮುಗಿಯಿತು. ಆ ವರ್ಷಗಳಲ್ಲಿ ಗುತ್ತಿಗೆದಾರರಿಗೆ ಓಷನ್ ಪಾರ್ಕ್ ಕೆಲಸ ಕೊಟ್ಟಿತು, ಡಿಸ್ನಿಲ್ಯಾಂಡ್ ಕಾಯಿಸಿತು. ಆದರೆ ಸಾಲ ಉಳಿದೇ ಇತ್ತು. 2020ರಲ್ಲಿ ಕೊರೊನಾ ಸೋಂಕಿನಿಂದ ಬಾಗಿಲು ಮುಚ್ಚಿದಾಗ ಸರ್ಕಾರವೇ 540 ಕೋಟಿ ಹಾಂಗ್‌ಕಾಂಗ್ ಡಾಲರ್ ನೆರವು ನೀಡಬೇಕಾಯಿತು. ಅದರ ಗಣನೀಯ ಭಾಗ ಹಳೆಯ ಸಾಲಕ್ಕೇ ಸಂದಿತು. ತಡವಾದುದೆಲ್ಲ ಕೆಟ್ಟದ್ದಲ್ಲ, ವೇಳೆಗೆ ಮುಗಿದುದೆಲ್ಲ ಸುಭದ್ರವಲ್ಲ ಎಂಬುದಕ್ಕೆ ಈ ಎರಡು ಉದ್ಯಾನಗಳೇ ಸಾಕ್ಷಿ.

ಡಿಸ್ನಿಲ್ಯಾಂಡ್‌ನ ನಂತರದ ಚರಿತ್ರೆಯೂ ಇದನ್ನೇ ಹೇಳುತ್ತದೆ. 2016ರಲ್ಲಿ ಪ್ರಕಟವಾದ 1,090 ಕೋಟಿ ಹಾಂಗ್‌ಕಾಂಗ್ ಡಾಲರ್‌ಗಳ ಎರಡನೆಯ ದೊಡ್ಡ ವಿಸ್ತರಣೆಗೆ ಸರ್ಕಾರ ಮತ್ತು ಡಿಸ್ನಿ ಸಮಪಾಲು ಹಣ ಹಾಕಲು ಒಪ್ಪಿದ್ದವು. ಕೊರೊನಾ ಕಾಲದಲ್ಲಿ ಉದ್ಯಾನ ದೀರ್ಘಕಾಲ ಮುಚ್ಚಿದ್ದರೂ ಹಣ ಮೊದಲೇ ನಿಗದಿಯಾಗಿದ್ದ ಈ ಕೆಲಸ ಕೈಬಿಟ್ಟುಹೋಗಲಿಲ್ಲ. ಅದರ ಮುಖ್ಯ ಭಾಗವಾದ ‘ವರ್ಲ್ಡ್ ಆಫ್ ಫ್ರೋಜನ್’ ತಡವಾಗಿಯಾದರೂ 2023ರ ನವೆಂಬರ್‌ನಲ್ಲಿ ತೆರೆಯಿತು. ಇದಕ್ಕೆ ವ್ಯತಿರಿಕ್ತವಾಗಿ, ಉದ್ಯಾನದ ಪಕ್ಕದಲ್ಲಿ ಎರಡನೆಯ ಹಂತಕ್ಕೆಂದು ಕಾದಿರಿಸಿದ್ದ ಸುಮಾರು 60 ಹೆಕ್ಟೇರ್ ಭೂಮಿಗೆ ನಿಗದಿತ ಹಣವೂ ಇರಲಿಲ್ಲ, ದಿನಾಂಕವೂ ಇರಲಿಲ್ಲ. ಆ ಭೂಮಿಯನ್ನು ಪಡೆಯುವ ಡಿಸ್ನಿಯ ಹಕ್ಕಿನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದಾಗ ಸರ್ಕಾರ ಅದನ್ನು ವಿಸ್ತರಿಸಲಿಲ್ಲ. ಎರಡನೆಯ ಹಂತವನ್ನು ನಂಬಿ ಕಾದವರಿಗೆ ಎರಡು ದಶಕಗಳ ನಂತರ ದೊರೆತ ಉತ್ತರ ಇದು.

ಪೂರೈಕೆದಾರನ ಹಣದ ಗತಿ

ವಿಳಂಬದಿಂದ ಕಾಯುವ ಕಷ್ಟ ಬರುತ್ತದೆ. ಆದರೆ ಸಾಲದ ಮೇಲೆ ನಿಂತ ಯೋಜನೆ ಹಿಂಜರಿತದಲ್ಲಿ ವಿಳಂಬವಿಲ್ಲದೆ ತೆರೆದುಕೊಂಡರೆ ಅದಕ್ಕಿಂತ ದೊಡ್ಡ ಅಪಾಯ ಎದುರಾಗಬಹುದು. ಅಮೆರಿಕದ ದಕ್ಷಿಣ ಕ್ಯಾರೊಲಿನಾ ರಾಜ್ಯದ ಮರ್ಟಲ್ ಬೀಚ್‌ನಲ್ಲಿ ಸುಮಾರು 40 ಕೋಟಿ ಅಮೆರಿಕನ್ ಡಾಲರ್ ವೆಚ್ಚದಲ್ಲಿ ನಿರ್ಮಿಸಿದ ಹಾರ್ಡ್ ರಾಕ್ ಪಾರ್ಕ್ 2008ರ ವಸಂತದಲ್ಲಿ ತೆರೆಯಿತು. ಅದೇ ಸೆಪ್ಟೆಂಬರ್‌ನಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. 2009ರ ಆರಂಭದಲ್ಲಿ ಇಡೀ ಉದ್ಯಾನ ಮಾರಾಟವಾದುದು 2.5 ಕೋಟಿ ಅಮೆರಿಕನ್ ಡಾಲರ್‌ಗೆ. ಇಂತಹ ಸಂದರ್ಭದಲ್ಲಿ ಬಂದ ಅಲ್ಪ ಹಣ ಮೊದಲು ಸಲ್ಲುವುದು ಆಸ್ತಿಯನ್ನು ಅಡವು ಇಟ್ಟುಕೊಂಡ ಸಾಲಿಗರಿಗೆ. ಉದ್ದರಿಯಲ್ಲಿ ಸರಕು ಕೊಟ್ಟವರ ಸರದಿ ಬರುವುದು ಬಹಳ ತಡವಾಗಿ.

ಭಾರತದಲ್ಲಿಯೂ 2016ರ ದಿವಾಳಿ ಸಂಹಿತೆಯ ಪ್ರಕಾರ ಸರಕು–ಸೇವೆ ಪೂರೈಸಿದ ಸಾಲಿಗರು ಅಡಮಾನವುಳ್ಳ ಹಣಕಾಸು ಸಾಲಿಗರ ಹಿಂದೆಯೇ ನಿಲ್ಲಬೇಕು. ಕಿರು ಮತ್ತು ಸಣ್ಣ ಪೂರೈಕೆದಾರರಿಗೆ 2006ರ ಎಂಎಸ್ಎಂಇ ಅಭಿವೃದ್ಧಿ ಕಾಯಿದೆಯು ಗರಿಷ್ಠ 45 ದಿನಗಳೊಳಗೆ ಹಣ ಪಡೆಯುವ ಹಕ್ಕನ್ನು ನೀಡಿದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು. ಆದರೆ ಈ ರಕ್ಷಣೆ ಬರುವುದು ಸರಕು ಕೊಟ್ಟ ಮೇಲೆ. ಆದೇಶ ಬರುವ ಮುನ್ನವೇ ನಿರೀಕ್ಷೆಯಿಂದ ಖರೀದಿಸಿದ ಯಂತ್ರಕ್ಕೂ ದಾಸ್ತಾನಿಗೂ ಯಾವ ಕಾಯಿದೆಯೂ ಪರಿಹಾರ ಕೊಡುವುದಿಲ್ಲ.

ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

ಮೇಲ್ಕಂಡ ಘಟನಾವಳಿಯಿಂದ ಸಣ್ಣ ಉದ್ದಿಮೆಗಳಿಗೆ ಉಪಯುಕ್ತವಾದ ಕೆಲವು ಸೂತ್ರಗಳನ್ನು ಹೀಗೆ ಸಂಗ್ರಹಿಸಬಹುದು:

1. ಯೋಜನೆ ‘ಆಗುತ್ತದೆಯೇ’ ಎಂಬುದಕ್ಕಿಂತ ‘ಹಣ ಯಾರದು’ ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕು. ಹಾಂಗ್‌ಕಾಂಗ್‌ನಲ್ಲಿ ಈ ಪ್ರಶ್ನೆ ಇತ್ಯರ್ಥವಾದ ಆರು ತಿಂಗಳೊಳಗೆ ಕೆಲಸ ಆರಂಭವಾಯಿತು; ಇತ್ಯರ್ಥವಾಗದಿದ್ದಾಗ ವರ್ಷಗಳ ಮಾತುಕತೆಯೂ ಫಲ ಕೊಡಲಿಲ್ಲ.

2. ಹೇಳಿಕೆಗಳಿಗಿಂತ ಹಿಂತೆಗೆದುಕೊಳ್ಳಲಾಗದ ಕ್ರಮಗಳಿಗೆ ಬೆಲೆ ಕೊಡಬೇಕು. ಹಣಕಾಸು ಸಮಿತಿಯ ಒಪ್ಪಿಗೆ, ಸಾಲ ಮಂಜೂರಾತಿ, ಸಹಿಯಾದ ಗುತ್ತಿಗೆ, ಮುಂಗಡ ಪಾವತಿ — ಇವು ಇಂತಹ ಕ್ರಮಗಳು. ಸಚಿವರ ಭಾಷಣವಾಗಲಿ, ಕಂಪನಿಯ ಪತ್ರಿಕಾ ಪ್ರಕಟಣೆಯಾಗಲಿ, ವಿನ್ಯಾಸದ ಚಿತ್ರಪಟವಾಗಲಿ ಈ ಪಟ್ಟಿಗೆ ಸೇರವು.

3. ಕೆಲಸ ನಿಂತ ಸುದ್ದಿ ಬಂದಾಗ ಅದು ಸಂಸ್ಥೆಯ ಎಲ್ಲ ಯೋಜನೆಗಳಿಗೂ ಅನ್ವಯಿಸಿದೆಯೇ, ಒಂದಕ್ಕೆ ಮಾತ್ರವೇ ಎಂದು ನೋಡಬೇಕು. ಒಂದು ಮಾತ್ರ ನಿಂತಿದ್ದರೆ ಕಾರಣವನ್ನು ಆ ಯೋಜನೆಯ ಷರತ್ತುಗಳಲ್ಲಿ ಹುಡುಕುವುದು ಯುಕ್ತ.

4. ಹೊಸ ಯಂತ್ರ ಅಥವಾ ಕಟ್ಟಡದ ಸಾಲದ ಕಂತನ್ನು ಈಗಿರುವ ವ್ಯಾಪಾರದಿಂದಲೇ ಕಟ್ಟಲು ಸಾಧ್ಯವೇ ಎಂದು ಲೆಕ್ಕ ಹಾಕಬೇಕು. ಬರಲಿರುವ ವಿಸ್ತರಣೆಯ ಆದಾಯವನ್ನು ಈ ಲೆಕ್ಕದಲ್ಲಿ ಸೊನ್ನೆ ಎಂದೇ ಹಿಡಿಯುವುದು ಕ್ಷೇಮ.

5. ಒಂದೇ ದೊಡ್ಡ ಗಿರಾಕಿಗೆ ಮಾತ್ರ ಹೊಂದುವ ಸರಕಿಗಿಂತ, ಆ ಗಿರಾಕಿ ಬಾರದಿದ್ದರೂ ಬೇರೆಡೆ ಮಾರಬಹುದಾದ ಸರಕಿಗೆ ಹಣ ತೊಡಗಿಸುವುದು ಉತ್ತಮ. ಉದ್ಯಾನದ ಲಾಂಛನವಿರುವ ಸಮವಸ್ತ್ರ ಉದ್ಯಾನಕ್ಕೆ ಮಾತ್ರ ಮಾರಾಟವಾಗುತ್ತದೆ. ಬಟ್ಟೆಯ ಥಾನು ಯಾರಿಗಾದರೂ ಮಾರಾಟವಾಗುತ್ತದೆ.

ಹಿಂಜರಿತವು ಯೋಜನೆಗಳನ್ನು ನಿಲ್ಲಿಸುತ್ತದೆ ಎಂಬುದು ಅರ್ಧ ಸತ್ಯ. ಮೊದಲೇ ಇತ್ಯರ್ಥವಾಗದೆ ಉಳಿದ ಲೆಕ್ಕಗಳನ್ನು ಅದು ಬಯಲಿಗೆ ತರುತ್ತದೆ ಎಂಬುದು ಉಳಿದ ಅರ್ಧ. 2009ರ ಮಾರ್ಚ್‌ನ ಊಹಾಪೋಹಕ್ಕೆ ಹೆದರಿ ಅಂಗಡಿ ಮುಚ್ಚಿದವನೂ, ಜೂನ್‌ನ ಘೋಷಣೆಗೆ ಹಿಗ್ಗಿ ಅಂದೇ ದಾಸ್ತಾನು ತುಂಬಿದವನೂ ಸಮಾನವಾಗಿ ನಷ್ಟ ಅನುಭವಿಸುತ್ತಿದ್ದರು. ಏಕೆಂದರೆ ಮೊದಲ ಹೊಸ ವಿಭಾಗ ತೆರೆದು ಹೆಚ್ಚಿನ ಜನ ಬರಲು ಎರಡು ವರ್ಷಕ್ಕೂ ಮಿಕ್ಕಿ ಕಾಲ ಬೇಕಾಯಿತು. ಆ ಎರಡು ವರ್ಷಗಳನ್ನು ತನ್ನ ಸ್ವಂತ ವ್ಯಾಪಾರದ ಬಲದಿಂದ ದಾಟಬಲ್ಲ ಉದ್ದಿಮೆದಾರನಿಗೆ ಮಾತ್ರ ದೊಡ್ಡ ಯೋಜನೆಯ ಲಾಭ ದಕ್ಕುತ್ತದೆ.